ಕಾಯುವುದನ್ನು ಕಲಿಸಿದ ಮಾಸ್ಟರು

ನರಸಿಂಹರಾಜಪುರದ ನಮ್ಮ ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದ ಮಾಸ್ಟರಿಗೆ ಎರಡು ಚಟಗಳಿದ್ದವು. ಒಂದು, ಕೈಗಡಿಯಾರ ನೋಡುವುದು. ಇನ್ನೊಂದು, ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟ್ ವಾರಗಳಲ್ಲಿ "ಅಡ್ವೆಂಟ್ ಅಂದ್ರೆ ಕಾಯೋದು ಮಾರಾಯ್ರೆ, ಕಾಯೋದು ಕಲೀರಿ" ಎನ್ನುವುದು. ಎರಡನ್ನೂ ಒಟ್ಟಿಗೇ ಮಾಡುತ್ತಿದ್ದರು. ಬಾಲಯೇಸುವಿನ ಲಾಲಿಯನ್ನೂ ಅವರು ಎಂಥ ಓಟದಲ್ಲಿ ಹಾಡಿಸುತ್ತಿದ್ದರೆಂದರೆ, ಮಲಗಿದ್ದ ಕೂಸು ಎದ್ದು ಕೂರಬೇಕು.

ಕ್ರಿಸ್‌ಮಸ್ಸಿಗೆ ಮುಂಚೆ ಮನೆಮನೆಗೆ ಕ್ಯಾರಲ್ ಹಾಡಲು ಹೋದಾಗ ಅವರು ಜೀಪಿನ ಎಂಜಿನ್ ಆಫ್ ಮಾಡಲು ಬಿಡುತ್ತಿರಲಿಲ್ಲ. ಒಂದು ಸಂಜೆ, ಮಂಡಿನೋವಿನ ಅಜ್ಜಿಯೊಬ್ಬರ ಅಂಗಳದಲ್ಲಿ ನಿಂತು "ಬಾಗಿಲು ತೆರೆ, ಒಡೆಯ ಬಂದಿಹನು" ಎಂದು ಹಾಡಿದೆವು. ಒಳಗೆ ದೀಪ ಹತ್ತಿತು. ಕೋಲು ಊರುವ ಸದ್ದು ಕೇಳಿತು.

"ಅಜ್ಜಿ ಬರ್ತಿದಾರೆ ಮಾಸ್ಟ್ರೇ" ಎಂದೆ.

"ಇನ್ನೂ ಎಷ್ಟು ಮನೆ ಬಾಕಿ ಇದೆ ಮಾರಾಯ. ಹತ್ರಿ ಎಲ್ರೂ, ಹತ್ರಿ" ಎನ್ನುತ್ತ ನಮ್ಮನ್ನೆಲ್ಲ ಜೀಪಿಗೆ ತುಂಬಿದರು.

ಭಾನುವಾರ ಚರ್ಚಿನ ಮೆಟ್ಟಿಲ ಬಳಿ ಅಜ್ಜಿ ಅವರನ್ನು ತಡೆದು ನಿಲ್ಲಿಸಿದರು.

"ಬಾಗ್ಲು ತೆಗ್ದೆ ಮಾಸ್ಟ್ರೇ. ಅಂಗಳದಲ್ಲಿ ಯಾರೂ ಇರ್ಲಿಲ್ಲ."

"ಅದೇ ನೋಡಿ ಅಜ್ಜಿ, ಅಡ್ವೆಂಟ್ ಅಂದ್ರೆ. ಕಾಯ್ಬೇಕು."

"ಕಾಯ್ತೀನಿ. ಆದ್ರೆ ಆ ಒಡೆಯ ಬಂದ್ರೆ, ನಾನು ಬಾಗ್ಲು ತೆಗೆಯೋ ತನಕ ನಿಲ್ತಾನೆ ಅಲ್ವಾ?"

ಮಾಸ್ಟರು ಕೈಗಡಿಯಾರ ನೋಡಿಕೊಂಡರು.