ಎರಡು ಗುಂಡಿಯ ಪ್ರೆಸ್

ಹರಿಹರದ ಹೊರವಲಯದಲ್ಲಿ ಬೈಕಿನ ಬಿಡಿಭಾಗ ಮಾಡುವ ಶೆಡ್ಡಿಗೆ ನಾನು ಸೂಪರ್‌ವೈಸರ್ ಆಗಿ ಸೇರಿದಾಗ ಡಿಪ್ಲೊಮಾದ ಜಂಬ ಇನ್ನೂ ಇಳಿದಿರಲಿಲ್ಲ. ದಿನಾ ದಾವಣಗೆರೆಯ ಸರಸ್ವತಿ ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮೂರನೇ ಪ್ರೆಸ್ಸಿನ ಮುಂದೆ ಕೂರುತ್ತಿದ್ದವರು ಕಡರನಾಯಕನಹಳ್ಳಿಯ ಒಬ್ಬ ಹೆಂಗಸು. ಐವತ್ತರ ಹತ್ತಿರದ ವಯಸ್ಸು. ಕಬ್ಬಿಣದ ತಗಡನ್ನು ಅಚ್ಚಿನ ಮೇಲಿಟ್ಟು, ಎರಡು ಕೈಯಿಂದ ಎರಡು ಗುಂಡಿ ಒತ್ತಬೇಕು. ಆಗ ಮೇಲಿನ ಭಾರ ಇಳಿದು ತಗಡು ಚೈನ್ ಕವರಿನ ಆಕಾರಕ್ಕೆ ಬಾಗುತ್ತದೆ.

ಒಂದು ವಾರ ಆರ್ಡರ್ ಜಾಸ್ತಿ ಬಂತು. ಬೇಗ ಆಗಲಿ ಅಂತ ನಾನು ಎಲ್ಲ ಪ್ರೆಸ್ಸುಗಳ ಎಡಗುಂಡಿಯನ್ನೂ ಒತ್ತಿಹಿಡಿದು ಟೇಪು ಸುತ್ತಿಸಿದೆ. ಬಲಗುಂಡಿಯೊಂದೇ ಸಾಕು, ಎಡಗೈಯಲ್ಲಿ ತಗಡು ಜೋಡಿಸಬಹುದು. ಉಳಿದವರು ಸುಮ್ಮನೆ ಕೆಲಸ ಮಾಡಿದರು. ಮೂರನೇ ಪ್ರೆಸ್ಸಿನ ಆಕೆ ಮಾತ್ರ ಮೋಟಾರು ಆರಿಸಿ ಕೈಕಟ್ಟಿ ಕೂತರು.

"ಯಾಕಮ್ಮ, ಮಷೀನ್ ಕೆಟ್ಟೈತಾ?"

"ಮಷೀನ್ ಚೆನ್ನಾಗೈತ್ರಿ. ಟೇಪು ಬಿಚ್ಚಿಸ್ರಿ, ಕೆಲಸಕ್ಕ ಕೂಡ್ತೀನಿ. ಎರಡೂ ಕೈ ಹೊರಗಿರ್ಲಿ ಅಂತ್ಲೇ ಎರಡು ಗುಂಡಿ ಇಟ್ಟಾರ."

"ಎಲ್ಲಾ ಕಡೆ ಹಿಂಗೇ ನಡೀತೈತೆ."

"ನಡೀಲಿ ಬಿಡ್ರಿ. ನನಗ ಬ್ಯಾಡ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆಣಕಿತು. ಅವರನ್ನು ಎಬ್ಬಿಸಿ, ಮೋಟಾರು ಹಾಕಿ ನಾನೇ ಸ್ಟೂಲಿನ ಮೇಲೆ ಕೂತೆ. ಹತ್ತಿಪ್ಪತ್ತು ತಗಡು ಸಲೀಸಾಗಿ ಹೋದವು. ಆಮೇಲೆ ಒಂದು ತಗಡು ಅಚ್ಚಿನಲ್ಲಿ ಸಿಕ್ಕಿಕೊಂಡಿತು. ಎಡಗೈ ಒಳಗೆ ಹಾಕಿ ಎಳೆದೆ, ಅದು ಬರಲಿಲ್ಲ. ಮುಂದಕ್ಕೆ ಬಾಗಿ ಇನ್ನೂ ಜೋರಾಗಿ ಎಳೆಯುವಾಗ ಬಲಗೈ ಯಾವಾಗ ಗುಂಡಿ ಮುಟ್ಟಿತೋ ತಿಳಿಯದು. ಹಿಂದೆಯೇ ನಿಂತಿದ್ದ ಆಕೆ ನನ್ನ ಎಡದೋಳನ್ನು ಹಿಡಿದು ಸೆಳೆದರು. ಭಾರ ಧಡ್ಡನೆ ಇಳಿಯಿತು. ನಾನು ನೆಲದ ಮೇಲಿದ್ದೆ. ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡೆ, ಎಲ್ಲ ಇದ್ದವು.

ಅವರು ಮೇನ್ ಸ್ವಿಚ್ಚು ಆರಿಸಿ ಬಂದು, ತಮ್ಮ ಬಾಟಲಿ ಕೊಟ್ಟು, "ನೀರು ಕುಡೀರಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಮಾಲೀಕರ ಮುಂದೆ ಹೋಗಿ ತಪ್ಪು ನನ್ನದು, ಟೇಪು ತೆಗೆಸುತ್ತೇನೆ ಅಂತ ಹೇಳಿದೆ. ಟೇಪು ತೆಗೆಸಿದರೆ ಮಾಲು ತಡವಾಗುತ್ತದೆ ಅಂತ ಅವರು ಗೊಣಗಿದರು. ನನ್ನ ಜೊತೆ ಬಂದಿದ್ದ ಆಕೆ, "ತಡ ಆದ್ರೆ ನಾಳೆ ಮಾಡಬೌದ್ರಿ, ಕೈ ಮತ್ತೆ ಮಾಡಾಕ ಆಗಲ್ಲ" ಅಂದರು. ಮಾಲೀಕರು ನನ್ನ ಕೈ ನೋಡಿ, ಬಿಚ್ಚಿಸು ಅಂದರು. ಅವತ್ತೇ ಎಲ್ಲ ಟೇಪು ಬಿಚ್ಚಿಸಿದೆ. ವಾರದೊಳಗೆ ಪ್ರತಿ ಪ್ರೆಸ್ಸಿಗೂ ಸಿಕ್ಕಿಕೊಂಡ ತಗಡು ಎತ್ತಲು ಉದ್ದ ಹಿಡಿಯ ಇಕ್ಕಳ ಬಂತು.

ಈಗ ಹೊಸಬರಿಗೆ ಕೆಲಸ ಕಲಿಸುವವರು ಆಕೆಯೇ. ಅರ್ಧ ದಿನ ಕರೆಂಟಿಲ್ಲದ ಪ್ರೆಸ್ಸಿನ ಮುಂದೆ ಕೂಡಿಸಿ, ಬರೀ ಇಕ್ಕಳದಲ್ಲಿ ತಗಡು ಇಟ್ಟು ತೆಗೆಯುವುದನ್ನು ಮಾಡಿಸುತ್ತಾರೆ. ಹಾಗೆ ಕೂತು ಕಲಿತವರಲ್ಲಿ ಮೊದಲನೆಯವನು ನಾನು.