ತಿನ್ನಬಹುದು

ಅಣಬೆಯ ಫೋಟೊ ತೆಗೆದರೆ ಅದರ ಜಾತಿ ಹೇಳುವ ಆಪ್ ಒಂದಕ್ಕೆ ನಾನು ಕೋಡ್ ಬರೆಯುತ್ತೇನೆ. ಅದರ ಕನ್ನಡದ ಸಾಲುಗಳೂ ನನ್ನವೇ. ಖಚಿತವಿಲ್ಲದ ಅಣಬೆಗಳಿಗೆ ‘ತಿನ್ನಬಹುದು’ ಎಂದು ಬರೆದಿದ್ದೆ. ಆ ‘ಬಹುದು’ವಿನಲ್ಲಿ ಅನುಮಾನ ತಾನಾಗಿಯೇ ಇದೆ ಎಂದುಕೊಂಡಿದ್ದೆ.

ಹೋದ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ, ಹಿನಕಲ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿ ಕೆಳಗಿನಿಂದ ಕೂಗಿದರು.

“ಊಟಕ್ಕೆ ಬಾರಮ್ಮ. ಪಕ್ಕದ ಖಾಲಿ ಸೈಟಲ್ಲಿ ಅಣಬೆ ಎದ್ದಿತ್ತು, ಸಾರು ಮಾಡ್ಬುಟ್ಟೆ. ತಿನ್ನಬಹುದು ಅಂತ ನಿನ್ನ ಆಪೇ ಹೇಳ್ತು!”

ಕರೆದರೂ ಹತ್ತು ಸಲ ಯೋಚಿಸಿ ಹೋಗುವವಳು ನಾನು. ಅಂದು ಚಪ್ಪಲಿ ಕಾಲಲ್ಲೇ ಅವರ ಅಡುಗೆಮನೆಗೆ ನುಗ್ಗಿದೆ. ಅವರ ಯಜಮಾನರು ಮುದ್ದೆ ಮುರಿದು ಇನ್ನೇನು ಸಾರಿಗೆ ಅದ್ದುವುದರಲ್ಲಿದ್ದರು. ತಟ್ಟೆ ಕಿತ್ತುಕೊಂಡೆ.

“ಆಂಟಿ, ಯಾರೂ ತಿಂದಿಲ್ಲ ತಾನೇ? ಅದು ಡೌಟಲ್ಲಿ ಹೇಳಿದ್ದು.”

“ಡೌಟಿದ್ರೆ ಡೌಟು ಅನ್ನಬೇಕು ಕಣಮ್ಮ. ತಿನ್ನಬಹುದು ಅಂದ್ರೆ ನಾವು ತಿಂತೀವಿ.”

“ಒಳ್ಳೆ ಅಣಬೆನೇ ಅದು, ನಂಗೊತ್ತಿಲ್ವಾ?” ಎಂದರು ಯಜಮಾನರು. ಆಂಟಿ ಸಾರನ್ನು ಮೋರಿಗೆ ಚೆಲ್ಲಿದರು.

ಸಂಜೆಯೊಳಗೆ ಆ ಪದ ಅಳಿಸಿ, ‘ಗೊತ್ತಿಲ್ಲ, ತಿನ್ನಬೇಡಿ’ ಎಂದು ಹಾಕಿ ಆಂಟಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಫೋನನ್ನು ಯಜಮಾನರ ಮುಖದ ಮುಂದೆ ಹಿಡಿದರು.

“ನೋಡ್ರೀ, ಮಿಷನ್ನೇ ಗೊತ್ತಿಲ್ಲ ಅಂತ ಒಪ್ಕೊಳ್ತು. ನಿಮಗೇನ್ರೀ ಕಷ್ಟ?”