ಪತ್ತಾರರ ಚೀನೀ ಬೆಳ್ಳಿ ಮಗ್

ಮೌನೇಶಪ್ಪ ಪತ್ತಾರರು ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಕೊಟ್ಟ ಕಾಫಿ ಲೋಟವನ್ನು ತಲೆಕೆಳಗು ಮಾಡಿ ನೋಡಿದರು. ಲೋಟದಲ್ಲಿ ಕಾಫಿ ಇತ್ತು. ಹೊಸ ಕಾರ್ಪೆಟ್ಟಿನ ಮೇಲೆ ಹರಿದದ್ದನ್ನು ನಾನು ಒರೆಸುತ್ತಿದ್ದರೆ, ಅವರು ಲೋಟದ ತಳವನ್ನು ಕನ್ನಡಕಕ್ಕೆ ತಾಗಿಸಿಕೊಂಡು, "ಮಾಡಿದವರ ಮುದ್ರೀನ ಇಲ್ಲಲ್ರಿ ಇದಕ್ಕ!" ಎಂದು ಬೇಸರಪಟ್ಟರು.

ಅದು ಎಪ್ಪತ್ತರ ದಶಕದ ಆರಂಭ. ಸ್ಯಾನ್ ಡಿಯಾಗೊದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಅವರಿದ್ದರು. ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರು. ಗುಳೇದಗುಡ್ಡದ ಕಡೆಯವರು, ತಂದೆ ಕಾಳಪ್ಪ ಬೆಳ್ಳಿ ಬಂಗಾರದ ಕೆಲಸದವರು. ಮಗನಿಗೆ ಮೌನೇಶ ಎಂದು ಹೆಸರಿಟ್ಟಿದ್ದರೂ ಅದು ಮಗನ ಬಾಯಿಯ ಗಮನಕ್ಕೆ ಬಂದಿರಲಿಲ್ಲ.

ಭಾನುವಾರ ಬಂತೆಂದರೆ ಪತ್ತಾರರು ಹಳೆ ಸಾಮಾನಿನ ಸಂತೆಗೆ ಹೋಗುತ್ತಿದ್ದರು. ಒಮ್ಮೆ ಅಲ್ಲಿಂದ, ನಾವಿಕನೊಬ್ಬನ ವಿಧವೆ ಪೇಂಟ್ ಬ್ರಶ್ಶು ಇಡುತ್ತಿದ್ದ ಕಪ್ಪಗಿನ ಮಗ್ ಒಂದನ್ನು ಎತ್ತಿಕೊಂಡು ಬಂದರು. ಉಜ್ಜಿದರೆ ಬೆಳ್ಳಿ! ನೂರು ವರ್ಷದ ಹಿಂದೆ ಚೀನಾದವರು ಪರದೇಶಕ್ಕೆ ಮಾರಲೆಂದು ಮಾಡುತ್ತಿದ್ದ ಬಗೆಯದು. ಮೈತುಂಬ ಬಿದಿರಿನ ಮೆಳೆ, ಮೆಳೆಯ ನಡುವೆ ಅಕ್ಕಿಕಾಳಿನಷ್ಟು ಮುಖದ ಜನ. ಹಿಡಿಕೆಯೇ ಒಂದು ಡ್ರ್ಯಾಗನ್. "ಒಳಗ ಅರಗು ತುಂಬಿ ಹೊರಗಿಂದ ಚಾಣದ ಉಳಿ ಹೊಡದಾನ ನೋಡ್ರಿ. ಒಂದು ಏಟು ಜಾಸ್ತಿ ಬಿದ್ರ ಈ ಮುದುಕನ ಮೂಗು ಹೋಗ್ತಿತ್ತು," ಎಂದು ಬೀದಿಯ ಎಲ್ಲರಿಗೂ ಆ ಮೂಗು ತೋರಿಸಿದರು. ಅಂಚೆಯವನೂ ನೋಡಬೇಕಾಯಿತು.

ಆ ವರ್ಷದ ನಾಗರಪಂಚಮಿಯ ದಿನ ಅವರು ಕೆಲಸದಿಂದ ಬೇಗ ಬಂದರು. ಒಳಗೆ ನಾವು ಐದಾರು ಹೆಂಗಸರು ಸಾಲಾಗಿ ನಿಂತು ಆ ಡ್ರ್ಯಾಗನ್ನಿಗೆ ಹಾಲೆರೆಯುತ್ತಿದ್ದೆವು. ಅವರ ಹೆಂಡತಿ ಶಾಂತಕ್ಕ ಮಗ್ಗಿಗೆ ಅರಿಸಿನ ಕುಂಕುಮ ಹಚ್ಚಿ ಹೂವೇರಿಸಿದ್ದರು.

"ಏ, ಅದು ನಾಗಪ್ಪ ಅಲ್ಲ! ಕಾಲು ಅದಾವ ಅದಕ್ಕ, ಕಾಣವಲ್ದೇನು?" ಎಂದು ಪತ್ತಾರರು ಕೂಗಿದರು.

ಶಾಂತಕ್ಕ ಹಾಲಿನ ಬಟ್ಟಲು ಇಳಿಸಲಿಲ್ಲ. "ಇಷ್ಟು ದೂರ ಬರಬೇಕಂದ್ರ ಕಾಲು ಬ್ಯಾಡೇನ್ರಿ?"

ಪತ್ತಾರರು ಬೂಟು ಬಿಚ್ಚಿಟ್ಟು ನಮ್ಮ ಸಾಲಿನ ಕೊನೆಗೆ ಬಂದು ನಿಂತರು.

ಮಗ್ಗಿನ ತಳದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳೂ ಪಕ್ಕದಲ್ಲಿ ಒಂದು ಪುಟ್ಟ ಚೀನೀ ಮುದ್ರೆಯೂ ಇದ್ದವು. ಅದನ್ನು ಓದಿಸದೆ ಅವರಿಗೆ ಊಟ ಸೇರದಾಯಿತು. ಒಂದು ಶನಿವಾರ ನಮ್ಮ ಯಜಮಾನರು ಕಾರಿನಲ್ಲಿ ಅವರನ್ನೂ ನನ್ನನ್ನೂ ಲಾಸ್ ಏಂಜಲೀಸಿನ ಚೈನಾಟೌನಿಗೆ ಕರೆದುಕೊಂಡು ಹೋದರು. ಮೊದಲು ಸಿಕ್ಕ ಹೋಟೆಲಿನ ಮಾಲೀಕನ ಮುಂದೆ ಪತ್ತಾರರು ಮಗ್ ಮಗುಚಿ ಹಿಡಿದರು. ಅವನು ನಕ್ಕುಬಿಟ್ಟ. "ನಾನು ಹುಟ್ಟಿದ್ದು ಫ್ರೆಸ್ನೋದಲ್ಲಿ ಸ್ವಾಮಿ, ನನಗೆ ಚೀನೀ ಓದೋಕೆ ಬರಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ, ಅಡುಗೆಮನೆಯಿಂದ ತಾಯಿಯನ್ನು ಕರೆದ. ಮುದುಕಿ ಕೈ ಒರೆಸಿಕೊಂಡು ಬಂದು ಮುದ್ರೆಯನ್ನು ಬಹಳ ಹೊತ್ತು ನೋಡಿ ಏನೋ ಹೇಳಿದಳು. ಮಗ ತಿಳಿಸಿದ: "ಇಂಗ್ಲಿಷ್ ಅಕ್ಷರ ಅಂಗಡಿಯದು. ಈ ಚಿಕ್ಕದು ಕೆಲಸ ಮಾಡಿದವನ ಹೆಸರು." ಪತ್ತಾರರು ಆ ಹೆಸರನ್ನು ಮುದುಕಿಯ ಬಾಯಲ್ಲಿ ಮೂರು ಸಲ ಹೇಳಿಸಿ, ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಂಡರು.

ಹಿಂತಿರುಗುವಾಗ ಅವರು ಆ ಚೀಟಿಯನ್ನು ಮಡಿಸುತ್ತ ಬಿಡಿಸುತ್ತ ಕೂತಿದ್ದರು. ನಮ್ಮೂರು ಹತ್ತಿರವಾಗಿ, ಕಾರ್ಲ್ಸ್‌ಬಾಡ್ ದಾಟಿದ ಮೇಲೆ ಹೇಳಿದರು. "ನಮ್ಮಪ್ಪ ಸಾಯೋತನಕ ಬೆಳ್ಳಿ ಬಡದಾನ್ರಿ. ಎಲ್ಲಾ ಸಾವುಕಾರನ ಅಂಗಡಿ ಹೆಸರಲೆ ಹೋತು. ಅಪ್ಪನ ಹೆಸರು ಯಾವುದರ ಮ್ಯಾಲೂ ಇಲ್ಲ."

ಮರುವಾರದಿಂದ ಅವರ ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. ವಿಮಾನದ ರೆಕ್ಕೆಯನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಮನುಷ್ಯನಿಗೆ ಒಂದು ಬೆಳ್ಳಿ ಚಮಚ ನೆಟ್ಟಗೆ ಮಾಡಲು ಬರಲಿಲ್ಲ. ವರ್ಷಗಟ್ಟಲೆ ಬರಲಿಲ್ಲ. ಪಕ್ಕದ ಮನೆಯವರು ದೂರು ಕೊಡಲು ಬಂದರೆ ಅವರ ಕೈಗೂ ಸುತ್ತಿಗೆ ಕೊಟ್ಟು, "ನೀವೂ ಎರಡು ಹೊಡೀರಿ, ಎಷ್ಟು ಕಷ್ಟ ಅಂತ ಗೊತ್ತಾಗ್ತದ," ಎನ್ನುತ್ತಿದ್ದರು.

ಮಕ್ಕಳ ಶಾಲೆಗೆಂದು ನಾವು ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸಿಗೆ ಮನೆ ಬದಲಿಸಿದ ದಿನ ಅವರು ಒಂದು ಚಮಚ ತಂದುಕೊಟ್ಟರು. ಮೇಜಿನ ಮೇಲಿಟ್ಟರೆ ಬಲಕ್ಕೆ ಮಗುಚಿಕೊಳ್ಳುತ್ತಿತ್ತು. ಹೆಸರೇನೂ ಇರಲಿಲ್ಲ. "ನಿಮ್ಮ ತಂದೆಯವರ ಹೆಸರು ಹಾಕಬಾರದಿತ್ತೇ?" ಎಂದೆ.

"ಅಪ್ಪನ ಹೆಸರು ಹಾಕೋವಷ್ಟು ಚಲೋ ಆಗಿಲ್ರೀ. ಆದಾಗ ಹಾಕ್ತೀನಿ," ಎಂದು ಕೈ ಬೀಸಿ ಹೊರಟರು.

ಅವರನ್ನು ನಾನು ನೋಡಿದ್ದು ಅದೇ ಕೊನೆ. ಮಾರನೆಯ ವರ್ಷ ಹೃದಯಾಘಾತದಿಂದ ತೀರಿಕೊಂಡರು. ನಾವು ಆಗ ಮೈಸೂರಿಗೆ ಹೋಗಿದ್ದೆವು. ಮರಳಿದ ಮೇಲೆ ಶಾಂತಕ್ಕನಿಗೆ ಫೋನ್ ಮಾಡಿದೆ. ಗ್ಯಾರೇಜಿನಲ್ಲಿ ಮೂವತ್ತೆರಡು ಚಮಚ ಸಿಕ್ಕವಂತೆ. ಒಂದರ ಹಿಂದೆ ಮಾತ್ರ 'ಕಾಳಪ್ಪ' ಎಂದು ಕೊರೆದಿತ್ತಂತೆ.

"ಹಾಗಾದರೆ ಒಂದು ನೆಟ್ಟಗೆ ಬಂತು ಅನ್ನಿ ಶಾಂತಕ್ಕ," ಎಂದೆ.

ಆಕೆ ಚಮಚವನ್ನು ಮೇಜಿನ ಮೇಲಿಟ್ಟು ನೋಡಿದ ಸದ್ದು ಫೋನಿನಲ್ಲಿ ಕೇಳಿಸಿತು. "ಇಲ್ಲರೀ, ಅದೂ ಸೊಟ್ಟನ ಐತಿ. ನೆಟ್ಟಗ ಆಗಲಿ ಅಂತ ಕಾದು ಕಾದು ಸಾಕಾಗಿರಬೇಕು ನಮ್ಮ ಮನಿಯವರಿಗೆ."